ತನ್ನ ಚಿತ್ರ ತಾನೇ ತೆಗೆದರೆ

ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಭಜನಾ ಮೇಳದವರು ಈಗ ತಮ್ಮ ಹಾಡನ್ನು ತಾವೇ ಮೊಬೈಲಿನಲ್ಲಿ ಚಿತ್ರೀಕರಿಸುವುದುಂಟು. ಮುಖ್ಯ ಹಾಡುಗಾರ ನಟ್ಟನಡುವೆ ಕುಳಿತಿರುತ್ತಾನೆ. ಪೇಟಿ ಮಾಸ್ತರರ ಬೆರಳಷ್ಟಾದರೂ ಕಂಡರೆ ಪುಣ್ಯ. ಅವಸರದ ಕೆಲಸ, ಇರಲಿ ಬಿಡಿ. ಆದರೆ ನಾಳೆ ಅದೇ ಚಿತ್ರ ಮೇಳದ ಚರಿತ್ರೆಯಾಗಿ ಉಳಿದರೆ?

ದೊಡ್ಡವರ ವಿಷಯದಲ್ಲೂ ಹೀಗಾಗಿದೆ. ಅಮೆರಿಕ, ಕೆನಡಾಗಳಲ್ಲಿ ಹೆಸರಾದ ‘ದಿ ಬ್ಯಾಂಡ್’ ಎಂಬ ಐವರ ಮೇಳ 1976ರ ನವೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿದಾಯದ ಕಚೇರಿ ನಡೆಸಿತು. ಮಾರ್ಟಿನ್ ಸ್ಕಾರ್ಸೇಸಿ ನಿರ್ದೇಶಿಸಿದ ಅದರ ಚಿತ್ರ ‘ದಿ ಲಾಸ್ಟ್ ವಾಲ್ಟ್ಜ್’ 1978ರಲ್ಲಿ ತೆರೆಗೆ ಬಂತು. ನಿರ್ಮಾಪಕರು ಯಾರು? ಅದೇ ಮೇಳದ ಗಿಟಾರ್ ವಾದಕ ರಾಬಿ ರಾಬರ್ಟ್‌ಸನ್. ಚಿತ್ರವೇನೋ ಸೊಗಸಾಗಿದೆ. ಆದರೆ ಡ್ರಮ್ ಬಾರಿಸುತ್ತ ಹಾಡುತ್ತಿದ್ದ ಲೀವಾನ್ ಹೆಲ್ಮ್ 1993ರ ತಮ್ಮ ಆತ್ಮಕಥೆಯಲ್ಲಿ ನೇರವಾಗಿಯೇ ದೂರಿದರು: ಕ್ಯಾಮೆರಾ ರಾಬರ್ಟ್‌ಸನ್ನರ ಬೆನ್ನು ಬಿಡಲಿಲ್ಲ, ರಿಚರ್ಡ್ ಮ್ಯಾನ್ಯುಯೆಲ್, ಗಾರ್ತ್ ಹಡ್ಸನ್ ಕಂಡದ್ದು ತೀರ ಕಡಿಮೆ, ಮೇಳ ನಿಲ್ಲಿಸುವುದಂತೂ ತಮಗೆ ಬೇಕಿರಲೇ ಇಲ್ಲ. 1983ರಲ್ಲಿ ಆ ನಾಲ್ವರು ರಾಬರ್ಟ್‌ಸನ್ನರಿಲ್ಲದೆ ಮತ್ತೆ ಕಚೇರಿಗೆ ಹೊರಟರು. ಚಿತ್ರದಲ್ಲಿ ಎಲ್ಲರ ಮುಕ್ತಾಯವೆಂದು ಕಂಡದ್ದು ಒಬ್ಬರದಾಗಿತ್ತು. ಹೆಲ್ಮರದೂ ತಮ್ಮ ಕಥೆಯೇ, ಅದನ್ನೂ ಕಣ್ಣು ಮುಚ್ಚಿ ನಂಬಬೇಕಿಲ್ಲ. ಆದರೆ ತಕ್ಕಡಿಗೆ ಎರಡನೆಯ ತಟ್ಟೆ ಸಿಕ್ಕಿತು.

ಇನ್ನು ನಮ್ಮ ಮಿರಜಕ್ಕೆ ಬರೋಣ. ಉಸ್ತಾದ ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಂಡರು. ಅವರ ಸಮಾಧಿ ಮೀರಾಸಾಹೇಬರ ದರ್ಗಾದಲ್ಲಿದೆ. ಅವರ ಧ್ವನಿಮುದ್ರಿಕೆಗಳಿವೆ, ಶಿಷ್ಯ ಕಪಿಲೇಶ್ವರಿಬುವಾ ಮರಾಠಿಯಲ್ಲಿ ಬರೆದ ದೊಡ್ಡ ಚರಿತ್ರೆಯಿದೆ. ಆದರೆ 1922ರಲ್ಲಿ ಅವರ ಪತ್ನಿ ತಾರಾಬಾಯಿ ಮಕ್ಕಳನ್ನು ಕರೆದುಕೊಂಡು ಮನೆ ಬಿಟ್ಟರು. ಆ ಮಕ್ಕಳಲ್ಲೇ ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ ಗಾಯನದಲ್ಲಿ ದೊಡ್ಡ ಹೆಸರು ಪಡೆದರು. ಅವರ ಹೆಸರಿನಲ್ಲಿ ತಂದೆಯ ಹೆಸರಿಲ್ಲ. ಖಾನಸಾಹೇಬರೇ ತಮ್ಮ ಚಿತ್ರ ತೆಗೆದಿದ್ದರೆ ತಾರಾಬಾಯಿಯವರಿಗೆ ಎಷ್ಟು ನಿಮಿಷ ಸಿಗುತ್ತಿತ್ತು? ತಾರಾಬಾಯಿಯವರೇ ತೆಗೆದಿದ್ದರೆ ಖಾನಸಾಹೇಬರಿಗೆ ಎಷ್ಟು? ಗುರುವಿನ ಬಾಯಲ್ಲಿ ಒಂದು ಮನೆ, ಹೆಂಡತಿಯ ಬಾಯಲ್ಲಿ ಅದೇ ಬೇರೊಂದು ಮನೆ.

ಗಾಯಕರಷ್ಟೇ ಅಲ್ಲ, ಅವರ ಹಿಂದೆ ನಿಲ್ಲುವ ತಂಬೂರಿಯನ್ನು ನೋಡಿ. ಮಿರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅದರ ಬುರುಡೆಯ ಭೋಪಳಾ ಬೆಳೆಯುವುದು ಪಂಢರಪುರ, ಮಂಗಳವೇಢೆಯ ಕಡೆ, ಅಂದರೆ ನಮ್ಮ ಮಗ್ಗುಲಲ್ಲೇ. ಗಾಯಕ ತನ್ನ ಕಥೆ ಹೇಳುವಾಗ ಗುರುವನ್ನು ನೆನೆಯುತ್ತಾನೆ. ತಂತಿ ಕಟ್ಟಿದವನ ಹೆಸರು ಅಪರೂಪಕ್ಕೆ ಬಂದೀತು. ಬುರುಡೆಯ ಬಳ್ಳಿಗೆ ನೀರು ಹಾಯಿಸಿದ ರೈತನಂತೂ ಚಿತ್ರದ ಆಚೆಗೇ ನಿಂತಿರುತ್ತಾನೆ.