ಸಿಪ್ಯಾನ್: ಪರ್ಲ್ ಬಳಗದ ಸಾಮೂಹಿಕ ಕಣಜ

ಹೈಬ್ರಿಡ್ ತರಕಾರಿ ಬೀಜೋತ್ಪಾದನೆಗೆ ರಾಣೆಬೆನ್ನೂರು ಹೆಸರುವಾಸಿ. ಪೊಟ್ಟಣದ ಮೇಲೆ ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನಾಂಕ ನೋಡದೆ ಬೀಜ ಕೊಳ್ಳಬಾರದೆಂಬುದು ಇಲ್ಲಿನ ರೈತರಿಗೆ ಗೊತ್ತು. ಬೇರೆಯವರು ಬರೆದ ಪ್ರೋಗ್ರಾಮನ್ನು ನಮ್ಮ ಗಣಕಕ್ಕೆ ಇಳಿಸಿಕೊಳ್ಳುವಾಗಲೂ ಇಂಥದೇ ಎಚ್ಚರ ಬೇಕು. ಪರ್ಲ್ ಭಾಷೆಯ ಭಂಡಾರವಾದ ಸಿಪ್ಯಾನ್‌ನ ಇತಿಹಾಸ ಇದನ್ನು ಚೆನ್ನಾಗಿ ತೋರಿಸುತ್ತದೆ.

ಲ್ಯಾರಿ ವಾಲ್ 1987ರಲ್ಲಿ ಪರ್ಲ್ ಭಾಷೆಯನ್ನು ಬಿಡುಗಡೆ ಮಾಡಿದರು. 1994ರ ಐದನೆಯ ಆವೃತ್ತಿಯಲ್ಲಿ ಮಾಡ್ಯೂಲ್ ಸೌಲಭ್ಯ ಬಂದಿತು. ಒಂದು ಕೆಲಸಕ್ಕೆ ಬರೆದ ಭಾಗವನ್ನು ಇತರರೂ ಬಳಸುವುದು ಇದರಿಂದ ಸುಲಭವಾಯಿತು. ಆದರೆ ಇಂಥ ಕಡತಗಳು ಬೇರೆ ಬೇರೆ ಗಣಕಗಳಲ್ಲಿ ಚದುರಿದ್ದವು. ಅಕ್ಷರ ಜೋಡಣೆಯ ತಂತ್ರಾಂಶವಾದ ಟೆಕ್‌ನ ಬಳಕೆದಾರರು ಆಗಲೇ ಸಿಟ್ಯಾನ್ ಎಂಬ ಭಂಡಾರ ಕಟ್ಟಿಕೊಂಡಿದ್ದರು. ಅದೇ ಮಾದರಿಯಲ್ಲಿ 1995ರಲ್ಲಿ ಸಿಪ್ಯಾನ್ ಆರಂಭವಾಯಿತು. ಫಿನ್ಲೆಂಡಿನ ಯಾರ್ಕೊ ಹಿಯೆಟಾನಿಯೆಮಿ ಮತ್ತು ಜರ್ಮನಿಯ ಆಂಡ್ರಿಯಾಸ್ ಕ್ಯೋನಿಗ್ ಇದನ್ನು ರೂಪಿಸಿದವರಲ್ಲಿ ಪ್ರಮುಖರು.

ಇದರ ಮುಖ್ಯ ಗುಣ ತೆರೆದ ಬಾಗಿಲು. ನೋಂದಾಯಿಸಿಕೊಂಡ ಯಾರು ಬೇಕಾದರೂ ಮಾಡ್ಯೂಲ್ ಸೇರಿಸಬಹುದು. ಭಂಡಾರದ ಪ್ರತಿಗಳನ್ನು ಹಲವು ದೇಶಗಳಲ್ಲಿ ಇಟ್ಟಿದ್ದರಿಂದ ಒಂದು ಗಣಕ ಕೆಟ್ಟರೂ ಕೆಲಸ ನಿಲ್ಲುತ್ತಿರಲಿಲ್ಲ. 1998ರಲ್ಲಿ ಸ್ವಯಂಸೇವಕರ ಪರೀಕ್ಷಾ ಬಳಗ ಹುಟ್ಟಿತು. ಹೊಸ ಮಾಡ್ಯೂಲನ್ನು ಬಗೆಬಗೆಯ ಗಣಕಗಳಲ್ಲಿ ಓಡಿಸಿ, ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುವುದು ಅದರ ಕೆಲಸ. ಬೀಜದ ಮೊಳಕೆ ಪರೀಕ್ಷೆಯಂತೆಯೇ ಇದು.

ಕೊರತೆಗಳೂ ಅದೇ ಬಾಗಿಲಿನಿಂದ ಬಂದವು. ಒಂದೇ ಕೆಲಸಕ್ಕೆ ಹತ್ತಾರು ಮಾಡ್ಯೂಲ್‌ಗಳಿದ್ದು, ಯಾವುದು ಉತ್ತಮವೆಂದು ಹೊಸಬರಿಗೆ ತಿಳಿಯುವುದಿಲ್ಲ. ಎಷ್ಟೋ ಮಾಡ್ಯೂಲ್‌ಗಳನ್ನು ಬರೆದವರೇ ಕೈಬಿಟ್ಟಿದ್ದಾರೆ. ಪರೀಕ್ಷೆಯು ಮಾಡ್ಯೂಲ್ ಓಡುತ್ತದೆಯೇ ಎಂದು ಹೇಳುತ್ತದೆ. ಅದರೊಳಗೆ ಕೇಡು ಅಡಗಿದೆಯೇ ಎಂದು ಹೇಳುವುದಿಲ್ಲ.

ಜಾವಾಸ್ಕ್ರಿಪ್ಟ್ ಭಾಷೆಯ ಎನ್‌ಪಿಎಂ ಭಂಡಾರದಲ್ಲಿ ಈ ಅಪಾಯಗಳು ದೊಡ್ಡದಾಗಿ ಕಂಡವು. ಲೆಫ್ಟ್‌ಪ್ಯಾಡ್ ಎಂಬ 11 ಸಾಲುಗಳ ಪ್ಯಾಕೇಜನ್ನು 2016ರ ಮಾರ್ಚ್‌ನಲ್ಲಿ ಅದರ ಕರ್ತೃ ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಅನೇಕ ತಂತ್ರಾಂಶಗಳ ತಯಾರಿಕೆ ಮುಗ್ಗರಿಸಿತು. ಬಳಿಕ ಹಿಂತೆಗೆಯುವ ನಿಯಮಗಳು ಬಿಗಿಯಾದವು. ಸಿಪ್ಯಾನ್‌ನಲ್ಲಾದರೆ ಅಳಿಸಿದ ಕಡತ ಬ್ಯಾಕ್‌ಪ್ಯಾನ್ ಎಂಬ ಹಳೆಯ ಸಂಗ್ರಹದಲ್ಲಿ ಉಳಿದಿರುತ್ತದೆ. 2018ರಲ್ಲಿ ಇವೆಂಟ್‌ಸ್ಟ್ರೀಮ್ ಪ್ಯಾಕೇಜಿನ ಹೊಣೆ ಅಪರಿಚಿತನೊಬ್ಬನ ಕೈಸೇರಿ, ಬಿಟ್‌ಕಾಯಿನ್ ಕದಿಯುವ ಸಂಕೇತ ಅದರೊಳಗೆ ನುಸುಳಿತು.

ಬಾಗಿಲು ಮುಚ್ಚಿದ್ದರೆ ಇಷ್ಟು ದೊಡ್ಡ ಕಣಜ ತುಂಬುತ್ತಿರಲಿಲ್ಲ. ಆದ್ದರಿಂದ ಆಯ್ಕೆಯ ಹೊಣೆ ಬಳಸುವವರ ಮೇಲೂ ಇದೆ. ಕೊನೆಯ ಪರಿಷ್ಕರಣೆ ಯಾವಾಗ ಆಯಿತು, ಪರೀಕ್ಷೆಗಳ ಫಲಿತಾಂಶವೇನು, ಈಗ ನೋಡಿಕೊಳ್ಳುತ್ತಿರುವವರು ಯಾರು, ಅದು ಇನ್ನಾವ ಮಾಡ್ಯೂಲ್‌ಗಳನ್ನು ನೆಚ್ಚಿದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಲು ವಿದ್ಯಾರ್ಥಿಗಳಿಗೆ ಮೊದಲ ಪಾಠದಲ್ಲೇ ಕಲಿಸಬೇಕು.