ತ್ಯಾಗರಾಜರ ಆರಾಧನಾ ಸಂಗೀತೋತ್ಸವ: ಹಿನ್ನೆಲೆ, ಗೋಷ್ಠಿಗಾಯನದ ಕ್ರಮ ಮತ್ತು ಆಯೋಜಕರಿಗೆ ಮಾಹಿತಿ

ಪೀಠಿಕೆ

ಕರ್ನಾಟಕ ಸಂಗೀತ ಪದ್ಧತಿಯ ವಾಗ್ಗೇಯಕಾರರಾದ ಶ್ರೀ ತ್ಯಾಗರಾಜಸ್ವಾಮಿಗಳ (1767–1847) ಪುಣ್ಯದಿನವು ಪುಷ್ಯ ಬಹುಳ ಪಂಚಮಿಯಾಗಿರುತ್ತದೆ. ಆ ತಿಥಿಯ ಅಂಗವಾಗಿ ತಮಿಳುನಾಡಿನ ತಂಜಾವೂರು ಜಿಲ್ಲೆಯ ತಿರುವೈಯಾರಿನಲ್ಲಿ ಪ್ರತಿ ವರ್ಷ ಆರಾಧನಾ ಸಂಗೀತೋತ್ಸವವು ಜರುಗುತ್ತದೆ. ಚಾಂದ್ರಮಾನ ತಿಥಿಯನ್ನು ಅನುಸರಿಸುವುದರಿಂದ ಇದು ಸಾಮಾನ್ಯವಾಗಿ ಜನವರಿ ಅಥವಾ ಫೆಬ್ರವರಿ ತಿಂಗಳಿನಲ್ಲಿ ಬರುತ್ತದೆ. ಇದೇ ಮಾದರಿಯ ಉತ್ಸವಗಳನ್ನು ಕರ್ನಾಟಕದಲ್ಲಿಯೂ ಸಂಗೀತ ಸಭೆಗಳು, ಸಂಗೀತ ಪಾಠಶಾಲೆಗಳು, ದೇವಾಲಯ ಸಮಿತಿಗಳು ಹಾಗೂ ಬಡಾವಣೆಗಳ ನಿವಾಸಿಗಳು ಆಚರಿಸುತ್ತಾ ಬಂದಿದ್ದಾರೆ. ಇಂತಹ ಕಾರ್ಯಕ್ರಮಗಳಿಗೆ ಅನುಮತಿ ಕೋರಿ ಅರ್ಜಿ ಸಲ್ಲಿಸುವ ಸಂಘ-ಸಂಸ್ಥೆಗಳ ಮತ್ತು ಆಸಕ್ತ ನಾಗರಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಖ್ಯಾತ ವಿದ್ವಾಂಸರೂ ಪಾಠ ಕಲಿಯುತ್ತಿರುವ ವಿದ್ಯಾರ್ಥಿಗಳೂ ಒಂದೇ ಸಾಲಿನಲ್ಲಿ ಕುಳಿತು ಹಾಡುವುದು ಈ ಉತ್ಸವದ ಮುಖ್ಯ ಲಕ್ಷಣ. ಆ ಸಾಲಿನಲ್ಲಿ ಸ್ಥಳ ಪಡೆಯಲು ಒಂದು ವರ್ಗದ ಕಲಾವಿದರು ಹಲವು ವರ್ಷ ಕಾಯಬೇಕಾಯಿತೆಂಬುದು ಇದರ ಇತಿಹಾಸದಿಂದ ತಿಳಿದುಬರುತ್ತದೆ.

1. ಐತಿಹಾಸಿಕ ಹಿನ್ನೆಲೆ

ತ್ಯಾಗರಾಜರು 1847ರ ಜನವರಿ 6ರಂದು ತಿರುವೈಯಾರಿನಲ್ಲಿ ನಿಧನರಾದರು. ಅವರ ಸಮಾಧಿಯು ಕಾವೇರಿ ನದಿಯ ದಡದಲ್ಲಿದೆ. ಕಾಲಕ್ರಮೇಣ ಸಮಾಧಿಯ ಸ್ಥಳವು ಶಿಥಿಲಗೊಂಡಿತ್ತು. 20ನೆಯ ಶತಮಾನದ ಆರಂಭದಲ್ಲಿ ಅವರ ಶಿಷ್ಯಪರಂಪರೆಯವರು ಅಲ್ಲಿ ಆರಾಧನೆಯನ್ನು ಆರಂಭಿಸಿದರು. ಆದರೆ ಸಂಘಟಕರಲ್ಲಿ ಭಿನ್ನಾಭಿಪ್ರಾಯ ಉಂಟಾಗಿ ಎರಡು ಪಂಗಡಗಳಾದವು. ಇವುಗಳನ್ನು ತಮಿಳಿನಲ್ಲಿ ‘ಪೆರಿಯ ಕಟ್ಚಿ’ (ದೊಡ್ಡ ಪಂಗಡ) ಮತ್ತು ‘ಚಿನ್ನ ಕಟ್ಚಿ’ (ಚಿಕ್ಕ ಪಂಗಡ) ಎಂದು ಕರೆಯಲಾಗುತ್ತಿತ್ತು. ಈ ಎರಡೂ ಪಂಗಡಗಳ ಕಾರ್ಯಕ್ರಮಗಳಲ್ಲಿ ಮಹಿಳೆಯರು ಹಾಡಲು ಅವಕಾಶವಿರಲಿಲ್ಲ.

2. ಬೆಂಗಳೂರು ನಾಗರತ್ನಮ್ಮನವರ ಕೊಡುಗೆ

ಬೆಂಗಳೂರು ನಾಗರತ್ನಮ್ಮನವರು 1878ರಲ್ಲಿ ನಂಜನಗೂಡಿನಲ್ಲಿ, ದೇವದಾಸಿ ಪರಂಪರೆಯ ಕುಟುಂಬದಲ್ಲಿ ಜನಿಸಿದರು. ಮೈಸೂರು, ಬೆಂಗಳೂರುಗಳಲ್ಲಿ ಸಂಗೀತ ಹಾಗೂ ಸಾಹಿತ್ಯವನ್ನು ಅಭ್ಯಾಸ ಮಾಡಿ ಮದರಾಸಿನಲ್ಲಿ ನೆಲೆಸಿ ಪ್ರಸಿದ್ಧ ಗಾಯಕಿಯಾದರು. ತ್ಯಾಗರಾಜರ ಸಮಾಧಿಯ ದುಃಸ್ಥಿತಿಯನ್ನು ಮೈಸೂರಿನ ವಿದ್ವಾನ್ ಬಿಡಾರಂ ಕೃಷ್ಣಪ್ಪನವರಿಂದ ತಿಳಿದ ಅವರು ಸ್ವಂತ ದುಡಿಮೆಯ ಹಣವನ್ನು ವಿನಿಯೋಗಿಸಿ 1921ರಲ್ಲಿ ಅಲ್ಲಿ ಮಂದಿರದ ನಿರ್ಮಾಣ ಕಾರ್ಯವನ್ನು ಕೈಗೊಂಡರು. ಬಳಿಕ ಪ್ರತಿಷ್ಠಾಪನೆ ನೆರವೇರಿತು.

ಮಂದಿರವನ್ನು ಕಟ್ಟಿಸಿದವರಿಗೇ ಅದರ ಮುಂದೆ ಹಾಡುವ ಹಕ್ಕು ದೊರೆಯಲಿಲ್ಲ. ಇದಕ್ಕೆ ಪ್ರತಿಯಾಗಿ ನಾಗರತ್ನಮ್ಮನವರು 1927ರಲ್ಲಿ ಮಹಿಳಾ ಕಲಾವಿದರನ್ನು ಸೇರಿಸಿಕೊಂಡು ಪ್ರತ್ಯೇಕ ಆರಾಧನೆಯನ್ನು ಆರಂಭಿಸಿದರು. 1940ರ ದಶಕದ ಆರಂಭದಲ್ಲಿ ಮೂರೂ ಪಂಗಡಗಳು ಒಂದಾಗಿ, ಸ್ತ್ರೀ-ಪುರುಷರೆಂಬ ಭೇದವಿಲ್ಲದೆ ಒಂದೇ ಉತ್ಸವ ನಡೆಯುವ ವ್ಯವಸ್ಥೆ ಜಾರಿಗೆ ಬಂದಿತು. ನಾಗರತ್ನಮ್ಮನವರು 1952ರಲ್ಲಿ ತಿರುವೈಯಾರಿನಲ್ಲಿಯೇ ನಿಧನರಾದರು. ಅವರ ಸ್ಮಾರಕವು ತ್ಯಾಗರಾಜರ ಸಮಾಧಿಯ ಸಮೀಪದಲ್ಲಿಯೇ ಇದೆ.

3. ಪಂಚರತ್ನ ಗೋಷ್ಠಿಗಾಯನ

ಪಂಚಮಿಯಂದು ತ್ಯಾಗರಾಜರ ಘನರಾಗ ಪಂಚರತ್ನ ಕೃತಿಗಳನ್ನು ಸಾಮೂಹಿಕವಾಗಿ ಹಾಡಲಾಗುತ್ತದೆ. ಇವು ಕ್ರಮವಾಗಿ ನಾಟ, ಗೌಳ, ಆರಭಿ, ವರಾಳಿ ಮತ್ತು ಶ್ರೀ ರಾಗಗಳಲ್ಲಿದ್ದು, ಐದೂ ಆದಿತಾಳದಲ್ಲಿವೆ. ನಾಟ ರಾಗದ ಕೃತಿಯು ಸಂಸ್ಕೃತದಲ್ಲಿಯೂ ಉಳಿದ ನಾಲ್ಕು ತೆಲುಗಿನಲ್ಲಿಯೂ ಇವೆ. ಚರಣಗಳನ್ನು ಮೊದಲು ಸ್ವರರೂಪದಲ್ಲಿ, ಅನಂತರ ಅದೇ ಧಾತುವಿಗೆ ಸಾಹಿತ್ಯರೂಪದಲ್ಲಿ ಹಾಡುವುದು ರೂಢಿ. ಗಾಯಕರು ಎದುರು-ಬದುರು ಸಾಲುಗಳಲ್ಲಿ ಕುಳಿತುಕೊಳ್ಳುತ್ತಾರೆ. ಪಿಟೀಲು, ಕೊಳಲು, ವೀಣೆ, ಮೃದಂಗ ಮುಂತಾದ ವಾದ್ಯಗಳವರೂ ಜೊತೆಗೂಡುತ್ತಾರೆ. ಉತ್ಸವದ ಉಳಿದ ಅವಧಿಯಲ್ಲಿ ಕಲಾವಿದರಿಗೆ ಅಲ್ಪಾವಧಿಯ ಗಾಯನ-ವಾದನಕ್ಕೆ ಸಮಯ ನಿಗದಿಪಡಿಸಲಾಗುತ್ತದೆ. ತಿರುವೈಯಾರಿನಲ್ಲಿ ಸಂಭಾವನೆ ಪಡೆಯದೆ ಸೇವಾರೂಪವಾಗಿ ಹಾಡುವುದು ಸಂಪ್ರದಾಯ.

ವರಾಳಿ ರಾಗವನ್ನು ಗುರುವು ಶಿಷ್ಯನಿಗೆ ನೇರವಾಗಿ ಪಾಠ ಹೇಳಬಾರದೆಂಬ ನಂಬಿಕೆ ಸಂಗೀತಗಾರರಲ್ಲಿದೆ. ಗೋಷ್ಠಿಯಲ್ಲಿ ಹಿರಿಯರ ಪಕ್ಕದಲ್ಲಿ ಕುಳಿತು ಕೇಳಿ ಕಲಿಯುವ ಅವಕಾಶವು ಇಂತಹ ಕೃತಿಗಳ ವಿಷಯದಲ್ಲಿ ಕಿರಿಯರಿಗೆ ವಿಶೇಷವಾಗಿ ಉಪಯುಕ್ತವಾಗಿದೆ.

4. ಕರ್ನಾಟಕದೊಂದಿಗೆ ಸಂಬಂಧ

ತ್ಯಾಗರಾಜರ ಶಿಷ್ಯರಾದ ವಾಲಾಜಾಪೇಟೆ ವೆಂಕಟರಮಣ ಭಾಗವತರಲ್ಲಿ ಅಭ್ಯಾಸ ಮಾಡಿದ ಮೈಸೂರು ಸದಾಶಿವರಾಯರು ಮೈಸೂರು ಆಸ್ಥಾನದ ವಿದ್ವಾಂಸರಾಗಿದ್ದರು. ತ್ಯಾಗರಾಜರ ಪ್ರಶಿಷ್ಯರಾದ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಮೈಸೂರು ವಾಸುದೇವಾಚಾರ್ಯರು ಶಿಷ್ಯವೃತ್ತಿ ಮಾಡಿದರು. ಪುಷ್ಯ ಬಹುಳ ಪಂಚಮಿಯ ನಂತರ ಬರುವ ಅಮಾವಾಸ್ಯೆಯು ಶ್ರೀ ಪುರಂದರದಾಸರ ಪುಣ್ಯದಿನವಾಗಿದ್ದು, ಕರ್ನಾಟಕದ ಹಲವೆಡೆ ಎರಡೂ ಆರಾಧನೆಗಳನ್ನು ಒಟ್ಟಾಗಿ ಏರ್ಪಡಿಸುವ ಪದ್ಧತಿಯಿದೆ.

5. ಕಾರ್ಯಕ್ರಮದ ಪೂರ್ವಸಿದ್ಧತೆ

(ಅ) ಪಾಠಾಂತರ: ಒಂದೇ ಕೃತಿಯ ಸಂಗತಿಗಳು ಗುರುಪರಂಪರೆಯಿಂದ ಪರಂಪರೆಗೆ ಬೇರೆಯಾಗಿರುತ್ತವೆ. ಆದುದರಿಂದ ಒಂದು ಪಾಠವನ್ನು ಮುಂಚಿತವಾಗಿ ನಿರ್ಧರಿಸಿ ಎಲ್ಲ ಶಾಲೆಗಳ ಶಿಕ್ಷಕರಿಗೆ ತಿಳಿಸುವುದು.

(ಆ) ಶ್ರುತಿ: ಪುರುಷರು ಸಾಮಾನ್ಯವಾಗಿ ಒಂದರಿಂದ ಎರಡರ ಶ್ರುತಿಯಲ್ಲಿಯೂ ಮಹಿಳೆಯರು ಐದರ ಆಸುಪಾಸಿನಲ್ಲಿಯೂ ಹಾಡುತ್ತಾರೆ. ಗೋಷ್ಠಿಯ ಶ್ರುತಿಯನ್ನು ಮೊದಲೇ ಪ್ರಕಟಿಸಿ, ವಿದ್ಯಾರ್ಥಿಗಳಿಗೆ ಅದೇ ಶ್ರುತಿಯಲ್ಲಿ ಅಭ್ಯಾಸ ಮಾಡಿಸುವುದು.

(ಇ) ಆಸನ ವ್ಯವಸ್ಥೆ: ಮುಂದಿನ ಸಾಲುಗಳನ್ನು ಹಿರಿಯ ವಿದ್ವಾಂಸರಿಗೆ ಮಾತ್ರ ಮೀಸಲಿಟ್ಟಲ್ಲಿ ಹಿಂದೆ ಕುಳಿತ ಮಕ್ಕಳು ತಾಳ ಹಾಕುವ ಕೈಗಳನ್ನು ಕಾಣಲಾರರು. ಹಿರಿಯರ ನಡುವೆ ಕಿರಿಯರನ್ನು ಕುಳ್ಳಿರಿಸುವುದು ಸೂಕ್ತ.

(ಈ) ಸಮಯ: ಮಕ್ಕಳ ಸರದಿಯನ್ನು ರಾತ್ರಿಯ ಕೊನೆಗೆ ಇರಿಸದೆ, ಕೇಳುಗರು ಹೆಚ್ಚಿನ ಸಂಖ್ಯೆಯಲ್ಲಿರುವ ವೇಳೆಯಲ್ಲಿ ನಿಗದಿಪಡಿಸುವುದು.

6. ಧ್ವನಿವರ್ಧಕ ಬಳಕೆ

ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಧ್ವನಿವರ್ಧಕ ಬಳಸಲು ಸಂಬಂಧಪಟ್ಟ ಪ್ರಾಧಿಕಾರದ ಲಿಖಿತ ಅನುಮತಿ ಪಡೆಯತಕ್ಕದ್ದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿಯು ಹಗಲು 55, ರಾತ್ರಿ 45 ಡೆಸಿಬಲ್ ಆಗಿದೆ. ಆಸ್ಪತ್ರೆ, ಶಿಕ್ಷಣ ಸಂಸ್ಥೆ ಹಾಗೂ ನ್ಯಾಯಾಲಯಗಳ ಸುತ್ತ 100 ಮೀಟರ್ ವ್ಯಾಪ್ತಿಯನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದಾಗಿದ್ದು, ಸ್ಥಳ ಆಯ್ಕೆ ಮಾಡುವಾಗ ಇದನ್ನು ಗಮನಿಸತಕ್ಕದ್ದು.

7. ಕೃತಿಸ್ವಾಮ್ಯ

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಲೇಖಕರ ಜೀವಿತಾವಧಿಯಲ್ಲಿ ಪ್ರಕಟವಾದ ಕೃತಿಗಳಿಗೆ ಅವರ ನಿಧನಾನಂತರ 60 ವರ್ಷಗಳವರೆಗೆ ರಕ್ಷಣೆಯಿರುತ್ತದೆ. ತ್ಯಾಗರಾಜರ ಹಾಗೂ ಪುರಂದರದಾಸರ ರಚನೆಗಳನ್ನು ಹಾಡಲು ಯಾರ ಅನುಮತಿಯೂ ಬೇಕಿಲ್ಲ. 1961ರಲ್ಲಿ ನಿಧನರಾದ ಮೈಸೂರು ವಾಸುದೇವಾಚಾರ್ಯರ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳ ಅವಧಿಯು 2021ರ ಅಂತ್ಯಕ್ಕೆ ಮುಕ್ತಾಯಗೊಂಡಿದೆ. ಆದರೆ ಇತ್ತೀಚೆಗೆ ಸಂಪಾದಿತವಾದ ಸ್ವರಲಿಪಿ ಪುಸ್ತಕಗಳಿಗೆ ಪ್ರತ್ಯೇಕ ಹಕ್ಕು ಇರಬಹುದಾದುದರಿಂದ, ಅವುಗಳ ಪ್ರತಿಗಳನ್ನು ಮಾಡಿಸಿ ಹಂಚುವ ಮುನ್ನ ಪ್ರಕಾಶಕರನ್ನು ವಿಚಾರಿಸುವುದು.

ಕಾರ್ಯಕ್ರಮದ ಧ್ವನಿಮುದ್ರಣಕ್ಕೆ ಕಲಾವಿದರ ಒಪ್ಪಿಗೆ ಅಗತ್ಯ. ಈ ಹಕ್ಕು ಖ್ಯಾತ ವಿದ್ವಾಂಸರಿಗೆ ಇರುವಂತೆಯೇ ವಿದ್ಯಾರ್ಥಿ ಕಲಾವಿದರಿಗೂ ಇರುತ್ತದೆ. ಅಪ್ರಾಪ್ತ ವಯಸ್ಕರಾದಲ್ಲಿ ಪೋಷಕರಿಂದ ಲಿಖಿತ ಒಪ್ಪಿಗೆ ಪಡೆಯುವುದು ಸೂಕ್ತ.

8. ಅರ್ಜಿದಾರರ ಗಮನಕ್ಕೆ

ಅರ್ಜಿಯಲ್ಲಿ ಕಾರ್ಯಕ್ರಮದ ದಿನಾಂಕ, ಸ್ಥಳ, ಆರಂಭ ಹಾಗೂ ಮುಕ್ತಾಯದ ವೇಳೆ, ನಿರೀಕ್ಷಿತ ಜನಸಂಖ್ಯೆ ಮತ್ತು ಸ್ಥಳದ ಮಾಲೀಕರ ಒಪ್ಪಿಗೆಯನ್ನು ಸ್ಪಷ್ಟವಾಗಿ ನಮೂದಿಸುವುದು. ಗೋಷ್ಠಿಗಾಯನಕ್ಕೆ ಹೆಸರು ನೋಂದಾಯಿಸಲು ಪ್ರಕಟಣೆ ಹೊರಡಿಸುವಾಗ ಅದು ಯಾವುದೇ ಶಾಲೆ, ಸಮುದಾಯ ಅಥವಾ ಲಿಂಗಕ್ಕೆ ಸೀಮಿತವಾಗದಂತೆ ನೋಡಿಕೊಳ್ಳಲು ಕೋರಲಾಗಿದೆ. ಹಾಡಲು ಬಂದವರನ್ನು ಹೊರಗೆ ನಿಲ್ಲಿಸಿದ ಕಾಲವೊಂದು ಈ ಉತ್ಸವದ ಚರಿತ್ರೆಯಲ್ಲಿ ಆಗಿಹೋಗಿದೆ. ಅದು ಮರುಕಳಿಸದಂತೆ ಎಚ್ಚರ ವಹಿಸುವುದು ಆಯೋಜಕರ ಹೊಣೆಯಾಗಿರುತ್ತದೆ.