ಬರಗಾಲದ ಮಗಳು ಕಟ್ಟಿದ ಆಸರೆ

1896-97ರಲ್ಲಿ ಮಧ್ಯಪ್ರಾಂತ್ಯವನ್ನು ಭೀಕರ ಬರಗಾಲ ಆವರಿಸಿತು. ಪುಣೆಯಲ್ಲಿ ವಿಧವೆಯರ ಶಾಲೆ ನಡೆಸುತ್ತಿದ್ದ ಪಂಡಿತಾ ರಮಾಬಾಯಿ ಸುದ್ದಿ ತಿಳಿದು ಅಲ್ಲಿಗೆ ಹೊರಟರು. ಮೂಳೆ-ಚಕ್ಕಳವಾಗಿದ್ದ ಅನಾಥ ಹುಡುಗಿಯರ ಸ್ಥಿತಿ ಅವರಿಗೆ ಹೊಸದಾಗಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಅವರೂ ಅದೇ ಸ್ಥಿತಿಯಲ್ಲಿದ್ದರು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳ ಗ್ರಾಮದವರು. ಹೆಂಡತಿಗೆ ಸಂಸ್ಕೃತ ಕಲಿಸಿ ಸಂಪ್ರದಾಯಸ್ಥರ ವಿರೋಧ ಕಟ್ಟಿಕೊಂಡ ಅವರು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲೆಸಿದರು. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿಯೇ. ಕೂಸಿಗೆ ಆರು ತಿಂಗಳಾದಾಗ, ಅದನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡು ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಪುರಾಣ ಪ್ರವಚನವೇ ಜೀವನೋಪಾಯವಾಯಿತು.

1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ತಾಯಿಯ ಶವಕ್ಕೆ ಹೆಗಲು ಕೊಡಲು ಜನ ಸಾಲದೆ ರಮಾಬಾಯಿಯೇ ಚಟ್ಟ ಹೊರಬೇಕಾಯಿತು. ಗಿಡ್ಡಗಿದ್ದ ಅವರು ಅದನ್ನು ತಲೆಯ ಮೇಲೆ ಹೊತ್ತರು. ಉಳಿದ ಅಣ್ಣ-ತಂಗಿ ದೇಶವಿಡೀ ಅಲೆದರು. ಝೇಲಂ ನದಿಯ ದಡದಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಗುಂಡಿ ತೋಡಿ, ತಲೆಯೊಂದನ್ನು ಬಿಟ್ಟು ಮೈಯೆಲ್ಲ ಹೂತುಕೊಂಡು ರಾತ್ರಿ ಕಳೆದದ್ದೂ ಉಂಟು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರಿಗೆ 'ಪಂಡಿತಾ', 'ಸರಸ್ವತಿ' ಬಿರುದುಗಳನ್ನಿತ್ತರು. ಆದರೆ 1880ರಲ್ಲಿ ಅಣ್ಣ, 1882ರಲ್ಲಿ ಪತಿ ಬಿಪಿನ್ ಬಿಹಾರಿ ಮೇಧಾವಿ ತೀರಿಕೊಂಡರು. ಎಳೆಗೂಸು ಮನೋರಮಾಳೊಂದಿಗೆ ರಮಾಬಾಯಿ ವಿಧವೆಯಾದರು.

1883ರಲ್ಲಿ ಇಂಗ್ಲೆಂಡಿಗೆ ಹೋದ ಅವರು, ಸಮಾಜ ದೂರವಿಟ್ಟ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಪ್ರೀತಿಯಿಂದ ಆರೈಕೆ ಮಾಡುವುದನ್ನು ಕಂಡರು. ಯೇಸು ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಪ್ರಸಂಗ ಅವರ ಮನಸ್ಸನ್ನು ತಟ್ಟಿತು. ಅದೇ ವರ್ಷ ದೀಕ್ಷಾಸ್ನಾನ ಪಡೆದರು. ಆದರೂ ಆಗ ತಮಗೆ ದೊರೆತದ್ದು ಕ್ರೈಸ್ತ ಧರ್ಮವೇ ಹೊರತು ಕ್ರಿಸ್ತನಲ್ಲವೆಂದೂ, ಮನಸ್ಸಿಗೆ ನೆಮ್ಮದಿ ಸಿಕ್ಕಿದ್ದು ಎಂಟು ವರ್ಷಗಳ ನಂತರವೆಂದೂ ಅವರು ಮುಂದೆ ಬರೆದರು.

ಈ ನೆಮ್ಮದಿಗೆ ಕ್ರೈಸ್ತರು ಕೊಡುವ ಅರ್ಥ ವಿಶಿಷ್ಟವಾದುದು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲೇ ಪೌಲನು ಅದನ್ನು ವಿವರಿಸುತ್ತಾನೆ. ದೇವರು ಸಂತೈಸುವುದು ಕೇವಲ ನಮ್ಮ ಕಣ್ಣೀರು ಒರೆಸಲಿಕ್ಕಲ್ಲ, ಕಷ್ಟದಲ್ಲಿರುವ ಇತರರನ್ನು ನಾವೂ ಸಂತೈಸಲೆಂದು ಎಂಬುದು ಅವನ ಮಾತಿನ ಸಾರ.

ರಮಾಬಾಯಿ ಮಾಡಿದ್ದು ಅದನ್ನೇ. ಮಧ್ಯಪ್ರಾಂತ್ಯದಿಂದ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಹಾವಳಿಯಿದ್ದುದರಿಂದ ಕೇಡಗಾಂವ್‌ನ ಬಯಲಿನಲ್ಲಿ ಆಶ್ರಯ ಕಲ್ಪಿಸಿದರು. ಅದೇ 'ಮುಕ್ತಿ' ಸಂಸ್ಥೆಯಾಗಿ ಬೆಳೆಯಿತು. 1900ರ ಗುಜರಾತ್ ಬರಗಾಲದ ನಂತರ ಅಲ್ಲಿದ್ದವರ ಸಂಖ್ಯೆ 2000ದ ಸಮೀಪಕ್ಕೆ ಏರಿತು. ಅನ್ನದೊಂದಿಗೆ ಅಕ್ಷರ, ಬೇಸಾಯ, ನೇಯ್ಗೆ, ಮುದ್ರಣವನ್ನೂ ಅವರು ಕಲಿತರು.

ಈ ದಾರಿ ಸುಗಮವಾಗಿರಲಿಲ್ಲ. ಅವರ ಶಾರದಾ ಸದನದಲ್ಲಿ ಮತಾಂತರದ ಪ್ರಭಾವವಿದೆಯೆಂಬ ಆಕ್ಷೇಪದಿಂದ 1893ರಲ್ಲಿ ರಾನಡೆ, ಭಂಡಾರ್ಕರ್ ಅಂತಹ ಬೆಂಬಲಿಗರೇ ದೂರವಾದರು. ಇತ್ತ ಚರ್ಚಿನ ಅಧಿಕಾರಕ್ಕೆ ಕಣ್ಣುಮುಚ್ಚಿ ತಲೆಬಾಗಲು ಒಪ್ಪದ ಕಾರಣ ಇಂಗ್ಲೆಂಡಿನ ಹಿತೈಷಿಗಳ ಅಸಮಾಧಾನಕ್ಕೂ ಗುರಿಯಾದರು. ಅವರ ಶ್ರದ್ಧೆಯ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯಗಳಿವೆ. ಹಸಿದವರಿಗೆ ಅವರು ಕೊಟ್ಟ ಆಸರೆಯನ್ನು ಮಾತ್ರ ಅಲ್ಲಗಳೆಯುವಂತಿಲ್ಲ.

ದುಃಖವೂ ಅವರನ್ನು ಕೊನೆಯವರೆಗೆ ಬಿಡಲಿಲ್ಲ. ಗುಲಬರ್ಗಾದಲ್ಲಿ ಶಾಲೆಯ ಹೊಣೆ ಹೊತ್ತು ತಾಯಿಗೆ ಹೆಗಲಾಗಿದ್ದ ಮನೋರಮಾ 1921ರಲ್ಲಿ ತೀರಿಕೊಂಡರು. ರಮಾಬಾಯಿ ಆಗಲೂ ಕೆಲಸ ನಿಲ್ಲಿಸಲಿಲ್ಲ. ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲನ್ನು ಸರಳ ಮರಾಠಿಗೆ ತರುವ ಕಾರ್ಯವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಆ ಗ್ರಂಥವನ್ನು ಮುದ್ರಿಸಿದವರು 'ಮುಕ್ತಿ'ಯಲ್ಲಿ ಆಸರೆ ಪಡೆದ ಹೆಣ್ಣುಮಕ್ಕಳೇ.